ಅಜ್ಜನ ಟ್ರಂಕಲ್ಲಿ ಸಿಕ್ಕಿದ ಬ್ರಿಟಿಷ್ ಟೋಪಿ ಬ್ಯಾಡ್ಜ್‌ಗಳು, ಯಾವ ಕಾಲದ್ದು ಅಂತ ಕಂಡುಹಿಡಿಯೋದು ಹೇಗೆ?

ಕಕ್ಕಬ್ಬೆ_ಮಳೆ:

ನಮಸ್ಕಾರ ಎಲ್ಲರಿಗೂ. ಬ್ರಿಟಿಷರ ಕಾಲದ ಮಿಲಿಟರಿ ಬ್ಯಾಡ್ಜ್ ನೋಡಿ ಇದು ಇಂಥಾ ಕಾಲದ್ದು ಅಂತ ಹೇಳಬಲ್ಲವರು ಯಾರಾದ್ರೂ ಇದ್ರೆ ದಯವಿಟ್ಟು ಸಹಾಯ ಮಾಡಿ. ಐನ್‌ಮನೆ, ಅಂದ್ರೆ ನಮ್ಮ ಕುಟುಂಬದ ಮೂಲ ಮನೆ, ಅದರ ಹೆಂಚು ಬದಲಾಯಿಸ್ಬೇಕು ಅಂತ ಅಟ್ಟ ಖಾಲಿ ಮಾಡಿಸಿದ್ವಿ, ಅಪ್ಪನ ಅಪ್ಪನ ತಗಡಿನ ಟ್ರಂಕಲ್ಲಿ ಒಂದು ಬಟ್ಟೆಗಂಟು, ಅದರೊಳಗೆ ಆರು ಬ್ಯಾಡ್ಜ್ ಇತ್ತು. ಅಜ್ಜ ಎರಡನೇ ಮಹಾಯುದ್ಧದಲ್ಲಿ ಮಿಲಿಟರಿಲಿದ್ರು, ಬರ್ಮಾ ಕಡೆ ಹೋಗಿದ್ರು, ಇಷ್ಟೇ ಮನೇಲಿ ಗೊತ್ತಿರೋದು. ನಾನು ಹುಟ್ಟೋಕೆ ಮುಂಚೆನೇ ತೀರಿಕೊಂಡಿದ್ರು.

ಕಣ್ಣಿಗೆ ಕಂಡಿದ್ದನ್ನ ಕಂಡ ಹಾಗೇ ಬರೀತೀನಿ. ಮೊದಲನೇದು ಫಿರಂಗಿ, ದೊಡ್ಡ ಚಕ್ರ, ಮೇಲೆ ಕಿರೀಟ, ಯುಬಿಕ್ ಅಂತ ಒಂದು ಪಟ್ಟಿ, ಕೆಳಗೆ ಉದ್ದದ್ದೊಂದು ಲ್ಯಾಟಿನ್ ಸಾಲು, ಹಿತ್ತಾಳೆ. ಎರಡನೇದು ಸುತ್ತ ಎಲೆಗಳ ಹಾರ, ಮಧ್ಯ ಜಿ ಮತ್ತೆ ಆರ್ ಹೆಣೆದುಕೊಂಡಿದೆ, ನಡುವೆ ಒಂದು ವಿ, ಕೆಳಗೆ ರಾಯಲ್ ಇಂಜಿನಿಯರ್ಸ್ ಅಂತಿದೆ. ಮೂರನೇದು ಬೆಳ್ಳಿ ಬಣ್ಣದ ನಕ್ಷತ್ರ, ಅದರಲ್ಲಿ ಕೊಂಬು ಕಹಳೆ, ಎಚ್ ಎಲ್ ಐ ಅಕ್ಷರ, ಕೆಳಗಡೆ ಒಂದು ಆನೆ, ಆನೆ ಹತ್ರ ಅಸ್ಸಾಯೆ ಅಂತ ಬರೆದಿದೆ. ನಾಲ್ಕನೇದು ಕಂದು ಬಣ್ಣದ ಪ್ಲಾಸ್ಟಿಕ್ ಥರ, ನಕ್ಷತ್ರ, ರಾಯಲ್ ಆರ್ಮಿ ಸರ್ವಿಸ್ ಕಾರ್ಪ್ಸ್ ಅಂತಿದೆ, ಇದು ಆಟದ ಸಾಮಾನೇನೋ ಅಂತ ತಮ್ಮ ಬಿಸಾಡೋಕೆ ಹೋಗಿದ್ದ. ಐದನೇದು ಬರೀ ಹಿತ್ತಾಳೆ ಅಕ್ಷರ, ಕಮಾನಿನ ಥರ ಬಾಗಿದೆ, ಆರ್ ಐ ಎ ಎಸ್ ಸಿ. ಆರನೇದು ತುಂಬಾ ಹಗುರ, ಬಂಗಾರದ ನೀರು ಹಾಕಿದ ಹಾಗೆ ಹೊಳೀತಿದೆ, ರೆಕ್ಕೆ ಇರೋ ಕಾಲಿನ ಒಬ್ಬ ಮನುಷ್ಯ ಒಂಟಿ ಕಾಲಲ್ಲಿ ನಿಂತಿದ್ದಾನೆ, ಮೇಲೆ ಕಿರೀಟ.

ದೊಡ್ಡಪ್ಪ ಹೇಳೋದು ಇವೆಲ್ಲ ಕೊಡಗನ್ನ ಇಂಗ್ಲಿಷರು ಹಿಡಿದಾಗಿಂದು, ವಿ ಅಂದ್ರೆ ವಿಕ್ಟೋರಿಯಾ ರಾಣಿ ಅಂತ. ಹಳೇ ಸಾಮಾನು ಮಾರೋ ಸೈಟಲ್ಲಿ ತಮ್ಮ ಫೋಟೋ ಹಾಕಿದ್ದಕ್ಕೆ ಹೊರದೇಶದವರೊಬ್ಬರು ಎಲ್ಲ ಒಟ್ಟಿಗೆ ಕೊಡ್ತೀರಾ ಅಂತ ಕೇಳಿದ್ದಾರೆ. ನನಗೆ ಮಾರೋದು ಇಷ್ಟ ಇಲ್ಲ, ಇದು ಅಜ್ಜ ಹಾಕ್ಕೊಂಡಿದ್ದೇ ಹೌದಾ ಅಂತ ಮೊದಲು ಗೊತ್ತಾಗ್ಬೇಕು. ಇನ್ನೊಂದು, ಅಮ್ಮ ಹುಣಸೆಹಣ್ಣು ಹಾಕಿ ಉಜ್ಜಿಬಿಡ್ತೀನಿ ಅಂತ ಕೂತಿದ್ದಾರೆ, ಉಜ್ಜಬಹುದಾ?

ಹಳೇಹಿತ್ತಾಳೆ_ಮಡಿಕೇರಿ:

ಉಜ್ಜಬೇಡಿ. ಅಮ್ಮಂಗೆ ಈಗ್ಲೇ ಹೇಳಿ, ಹುಣಸೆಹಣ್ಣೂ ಬೇಡ, ಕಾಚಂಪುಳಿಯಂತೂ ಬೇಡವೇ ಬೇಡ, ಯಾಕೆ ಅನ್ನೋದು ಆಮೇಲೆ ಬರೀತೀನಿ.

ಕಾಲ ಕಂಡುಹಿಡಿಯೋಕೆ ಮೊದಲು ನೋಡ್ಬೇಕಾದ್ದು ಕಿರೀಟ. ಬ್ರಿಟಿಷ್ ಬ್ಯಾಡ್ಜ್‌ಗಳಲ್ಲಿ ಕಿರೀಟದ ಆಕಾರ ರಾಜ ರಾಣಿ ಬದಲಾದಾಗ ಬದಲಾಗಿದೆ. ವಿಕ್ಟೋರಿಯಾ ಕಾಲದ್ದು ಒಂಥರಾ, 1901ರವರೆಗೆ. ಆಕೆ ತೀರಿಕೊಂಡ ಮೇಲೆ ಏಳನೇ ಎಡ್ವರ್ಡ್ ಬಂದಾಗ ಟ್ಯೂಡರ್ ಕಿರೀಟ ಅಂತ ಬಂತು, ಸಂಗ್ರಾಹಕರು ಕಿಂಗ್ಸ್ ಕ್ರೌನ್ ಅಂತಾರೆ, ಮೇಲ್ಗಡೆ ಗುಮ್ಮಟದ ಥರ ಉಬ್ಬಿಕೊಂಡು ದುಂಡಗಿರುತ್ತೆ. ಅದೇ 1953ರ ತನಕ ನಡೀತು. ಎರಡನೇ ಎಲಿಜಬೆತ್ ಪಟ್ಟಕ್ಕೆ ಬಂದಾಗ ಸೇಂಟ್ ಎಡ್ವರ್ಡ್ ಕಿರೀಟ, ಅಂದ್ರೆ ಕ್ವೀನ್ಸ್ ಕ್ರೌನ್, ಇದರಲ್ಲಿ ಎರಡೂ ಕಮಾನು ಮಧ್ಯದಲ್ಲಿ ತಗ್ಗಿ ಒಳಕ್ಕೆ ಇಳಿದಿರುತ್ತೆ. 2022ರಲ್ಲಿ ಚಾರ್ಲ್ಸ್ ಮತ್ತೆ ಟ್ಯೂಡರ್ ಕಿರೀಟವನ್ನೇ ಆರಿಸ್ಕೊಂಡಿರೋದ್ರಿಂದ ಇನ್ಮುಂದೆ ಹೊಸ ಬ್ಯಾಡ್ಜಲ್ಲೂ ದುಂಡು ಕಿರೀಟ ಬರುತ್ತೆ, ಅದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಇದೊಂದು ಗೊಂದಲ ಆಗೋದೇ. ನಿಮ್ಮ ಬ್ಯಾಡ್ಜ್‌ಗಳ ಕಿರೀಟ ದುಂಡೋ ತಗ್ಗೋ ಅಂತ ನೀವು ಬರೆದಿಲ್ಲ, ಒಂದೊಂದೂ ನೋಡಿ ಹೇಳಿ.

ನೋಡ್ಬೇಕಾದ ಎರಡನೇ ಗುರುತು ರಾಜನ ಹೆಸರಿನ ಅಕ್ಷರ. ನಿಮ್ಮ ಇಂಜಿನಿಯರ್ಸ್ ಬ್ಯಾಡ್ಜಲ್ಲಿ ಜಿ ಆರ್ ಮಧ್ಯ ಇರೋ ವಿ ವಿಕ್ಟೋರಿಯಾ ಅಲ್ಲ, ಅದು ರೋಮನ್ ಐದು. ಐದನೇ ಜಾರ್ಜ್, 1910ರಿಂದ 1936. ವಿಕ್ಟೋರಿಯಾದ್ದಾಗಿದ್ರೆ ವಿ ಆರ್ ಅಂತ ಎರಡಕ್ಷರ ಇರ್ತಿತ್ತು, ಜಿ ಬರೋ ಪ್ರಶ್ನೆಯೇ ಇಲ್ಲ. ದೊಡ್ಡಪ್ಪಂಗೆ ನಿಧಾನಕ್ಕೆ ಹೇಳಿ, ಈ ಗೊಂದಲ ತುಂಬಾ ಜನಕ್ಕೆ ಆಗುತ್ತೆ. ಇಂಜಿನಿಯರ್ಸ್ ಬ್ಯಾಡ್ಜ್ ಒಳ್ಳೇದು ಯಾಕಂದ್ರೆ ರಾಜ ಬದಲಾದಾಗೆಲ್ಲ ಮಧ್ಯದ ಅಕ್ಷರ ಬದಲಾಗಿದೆ, ಏಳನೇ ಎಡ್ವರ್ಡ್, ಐದನೇ ಜಾರ್ಜ್, ಆರನೇ ಜಾರ್ಜ್, ಎಲಿಜಬೆತ್, ಎಲ್ಲರದ್ದೂ ಬೇರೆಬೇರೆ. ಫಿರಂಗಿ ಬ್ಯಾಡ್ಜಲ್ಲಿ ಆ ಅನುಕೂಲ ಇಲ್ಲ. ಅದು ರಾಯಲ್ ಆರ್ಟಿಲರಿದು, ರಾಜನ ಅಕ್ಷರ ಇಲ್ಲ, ದುಂಡು ಕಿರೀಟ ಇದ್ರೆ 1902ರಿಂದ 1953ರೊಳಗೆ ಎಲ್ಲಿ ಬೇಕಾದ್ರೂ ಬೀಳಬಹುದು. ಅದೂ ಅಲ್ದೆ 1899ರಿಂದ 1924ರ ತನಕ ಆರ್ಟಿಲರಿ ಬೇರೆಬೇರೆ ವಿಭಾಗ ಆಗಿತ್ತು, ಫೀಲ್ಡ್ ಅಂತ, ಗ್ಯಾರಿಸನ್ ಅಂತ, ಆದ್ರೆ ಟೋಪಿಗೆ ಹಾಕ್ತಿದ್ದದ್ದು ಇದೇ ಫಿರಂಗಿ, ಯಾವ ವಿಭಾಗ ಅನ್ನೋದು ಭುಜದ ಮೇಲಿನ ಅಕ್ಷರದಿಂದ ಮಾತ್ರ ಗೊತ್ತಾಗ್ತಿತ್ತು.

ಮೂರನೇ ಗುರುತು ಹೆಸರು. ರೆಜಿಮೆಂಟಿನ ಹೆಸರು ಎಷ್ಟೋ ಸಲ ಬದಲಾಗಿದೆ, ಹೆಸರು ಎಂದಿನಿಂದ ಎಂದಿನವರೆಗೆ ಇತ್ತು ಅಂತ ಗೊತ್ತಿದ್ರೆ ಅರ್ಧ ಕೆಲಸ ಮುಗೀತು. ಸರ್ವಿಸ್ ಕಾರ್ಪ್ಸ್‌ಗೆ ರಾಯಲ್ ಅಂತ ಸೇರಿದ್ದು 1918ರ ಕೊನೇಲಿ, ಹಾಗಾಗಿ ಬರೀ ಆರ್ಮಿ ಸರ್ವಿಸ್ ಕಾರ್ಪ್ಸ್ ಅಂತಿದ್ರೆ ಮೊದಲ ಮಹಾಯುದ್ಧದ್ದು ಅಥವಾ ಅದಕ್ಕಿಂತ ಹಿಂದಿಂದು. ಮೆಷಿನ್ ಗನ್ ಕಾರ್ಪ್ಸ್ ಇದ್ದಿದ್ದೇ 1915ರಿಂದ 1922. ಇಂಥವು ಕೈಗೆ ಬಂದ್ರೆ ಕಾಲ ಹೇಳೋದು ಬಲು ಸುಲಭ.

ನಿಮ್ಮ ತಮ್ಮ ಬಿಸಾಡೋಕೆ ಹೋಗಿದ್ದನಲ್ಲ, ಆ ಪ್ಲಾಸ್ಟಿಕ್ಕೇ ಈ ಆರರಲ್ಲಿ ಕಾಲ ಅತೀ ನಿಖರವಾಗಿ ಹೇಳಬಹುದಾದ್ದು. ಎರಡನೇ ಮಹಾಯುದ್ಧದಲ್ಲಿ ಲೋಹ ಉಳಿಸ್ಬೇಕು ಅಂತ 1942ರ ಸುಮಾರಿಗೆ ಬ್ರಿಟನ್ನಲ್ಲಿ ಪ್ಲಾಸ್ಟಿಕ್ ಬ್ಯಾಡ್ಜ್ ಮಾಡೋಕೆ ಶುರು ಮಾಡಿದ್ರು, ಕಂದು, ಬೂದು, ಕಪ್ಪು ಬಣ್ಣದಲ್ಲಿ. ಬೇಗ ಮುರೀತಿತ್ತು, ಸಿಪಾಯಿಗಳಿಗೆ ಇಷ್ಟ ಇರ್ಲಿಲ್ಲ, ಯುದ್ಧ ಮುಗಿದ ಮೇಲೆ ನಿಂತೇಹೋಯ್ತು. ಹಿಂದೆ ಮಡಚೋ ಥರ ಎರಡು ಹಿತ್ತಾಳೆ ನಾಲಿಗೆ ಇದೆಯಾ ನೋಡಿ, ಜೊತೆಗೆ ಸಣ್ಣಕ್ಷರದಲ್ಲಿ ಎ. ಸ್ಟಾನ್ಲಿ ಅಂಡ್ ಸನ್ಸ್, ವಾಲ್ಸಾಲ್ ಅಂತ ಇದ್ರೂ ಇರಬಹುದು. ಮಧ್ಯ ಆರನೇ ಜಾರ್ಜ್ ಅಕ್ಷರ, ಹೆಸರಲ್ಲಿ ರಾಯಲ್, ವಸ್ತು ಪ್ಲಾಸ್ಟಿಕ್, ಈ ಮೂರೂ ಒಟ್ಟು ಸೇರಿದ್ರೆ ಯುದ್ಧದ ಕೊನೇ ಮೂರ್ನಾಲ್ಕು ವರ್ಷಕ್ಕೆ ಬಂದು ನಿಲ್ಲುತ್ತೆ. ಬ್ಯಾಡ್ಜ್ ಓದೋದು ಅಂದ್ರೆ ಹೀಗೇ, ಒಂದೇ ಗುರುತಿನ ಮೇಲೆ ತೀರ್ಪು ಕೊಡೋಹಾಗಿಲ್ಲ, ಒಂದೊಂದು ಗುರುತೂ ಕೊಡೋ ಅವಧಿಯನ್ನ ಒಂದರ ಮೇಲೊಂದು ಇಟ್ಟು ಎಲ್ಲಿ ಒಂದಾಗುತ್ತೋ ಅಲ್ಲಿ ನೋಡ್ಬೇಕು.

ಆನೆ ಬ್ಯಾಡ್ಜ್ ಹೈಲ್ಯಾಂಡ್ ಲೈಟ್ ಇನ್‌ಫಂಟ್ರಿ. 1881ರಲ್ಲಿ 71 ಮತ್ತೆ 74ನೇ ರೆಜಿಮೆಂಟ್ ಸೇರಿ ಆಗಿದ್ದು, 1959ರಲ್ಲಿ ಇನ್ನೊಂದರ ಜೊತೆ ವಿಲೀನ ಆಯ್ತು. ಆನೆ ಬಂದಿದ್ದು 74ರಿಂದ, 1803ರಲ್ಲಿ ಮರಾಠರ ವಿರುದ್ಧ ಅಸ್ಸಾಯೆಯಲ್ಲಿ ಹೋರಾಡಿದ್ದಕ್ಕೆ. ಅದೇ 74 ಅದಕ್ಕೆ ನಾಲ್ಕು ವರ್ಷ ಮುಂಚೆ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲೂ ಇತ್ತು. ನಮ್ಮೂರಿನ ನಂಟು ಇನ್ನೊಂದಿದೆ, ಜನರಲ್ ತಿಮ್ಮಯ್ಯನವರು 1926ರಲ್ಲಿ ಕಮಿಷನ್ ಆದ ಮೇಲೆ ಆಗಿನ ಪದ್ಧತಿ ಪ್ರಕಾರ ಮೊದಲು ಒಂದು ಬ್ರಿಟಿಷ್ ರೆಜಿಮೆಂಟಲ್ಲಿ ಇರ್ಬೇಕಿತ್ತು, ಅವರನ್ನ ಹಾಕಿದ್ದು ಇದೇ ಹೈಲ್ಯಾಂಡ್ ಲೈಟ್ ಇನ್‌ಫಂಟ್ರಿಗೆ, ಆಮೇಲೆ 19ನೇ ಹೈದರಾಬಾದ್ ರೆಜಿಮೆಂಟಿಗೆ ಹೋದ್ರು. ಮಡಿಕೇರಿಯ ಅವರ ಮನೆ ಸನ್ನಿಸೈಡಲ್ಲಿರೋ ಮ್ಯೂಸಿಯಂ ನೋಡಿಲ್ಲ ಅಂದ್ರೆ ಆ ಬ್ಯಾಡ್ಜ್ ಜೇಬಲ್ಲಿಟ್ಕೊಂಡು ಒಂದ್ಸಲ ಹೋಗಿಬನ್ನಿ.

ಅಮ್ಮತ್ತಿ_ತೋಟ:

ನಡುವೆ ನನ್ನದೊಂದು ಪ್ರಶ್ನೆ. ನಮ್ಮ ಮನೇಲೂ ಹಳೇದೊಂದು ಸ್ಕಾಟ್ಲೆಂಡ್ ರೆಜಿಮೆಂಟ್ ಬ್ಯಾಡ್ಜ್ ಇದೆ, ನಮ್ಮ ತೋಟದ ಹಳೇ ದೊರೆ ಬಿಟ್ಟು ಹೋಗಿದ್ದು ಅಂತಾರೆ. ಹಿಂದುಗಡೆ ಉದ್ದದ ಪಟ್ಟಿ ಇಲ್ಲ, ಎರಡು ಸಣ್ಣ ಬಳೆ ಥರ ಕೊಂಡಿ ಇದೆ ಅಷ್ಟೇ. ಪಟ್ಟಿ ಇಲ್ಲದಿದ್ರೆ ಡುಪ್ಲಿಕೇಟ್ ಅಂತ ಒಬ್ರು ಹೇಳಿದ್ರು. ಇನ್ನೊಬ್ರು ಪಟ್ಟಿ ಇಲ್ಲದೇ ಇದ್ರೆ 1905ಕ್ಕಿಂತ ಹಳೇದು, ಭಾರೀ ಬೆಲೆ ಅಂದ್ರು. ಯಾವುದು ನಿಜ?

ಹಳೇಹಿತ್ತಾಳೆ_ಮಡಿಕೇರಿ:

ಎರಡೂ ಅಲ್ಲ ಅಣ್ಣ. ಹಿಂಬದಿ ಬಗ್ಗೆ ಕೇಳಿದ್ದು ಒಳ್ಳೇದಾಯ್ತು, ಯಾಕಂದ್ರೆ ಫೋಟೋ ಹಾಕೋರೆಲ್ಲ ಮುಂಭಾಗ ಮಾತ್ರ ಹಾಕ್ತಾರೆ, ನಾವು ನೋಡ್ಬೇಕಾದ್ದು ಹಿಂದೆ ಇರುತ್ತೆ.

ಕೊಂಡಿಗೆ ಲಗ್ ಅಂತಾರೆ. ಟೋಪಿಗೆ ತೂತು ಮಾಡಿ ಕೊಂಡಿ ಒಳಗೆ ತೂರಿಸಿ ಹಿಂದಿನಿಂದ ಒಂದು ಪಿನ್ ಹಾಕೋದು. ಸಿಪಾಯಿಗಳ ಟೋಪಿ ಬ್ಯಾಡ್ಜ್ ಅಂತ ನಾವೀಗ ಏನು ಕರೀತೀವೋ ಅದು ವ್ಯಾಪಕವಾಗಿ ಬಂದಿದ್ದು 1890ರ ದಶಕದ ಕೊನೇಲಿ, ಆಗ ಎಲ್ಲಾ ಲಗ್ಗೇ. 1905-06ರ ಹೊತ್ತಿಗೆ ಸ್ಲೈಡರ್ ಬಂತು, ಅದೇ ನೀವು ಹೇಳೋ ಉದ್ದದ ಪಟ್ಟಿ, ಟೋಪಿ ಪಟ್ಟಿಯ ಸೀಳಿನೊಳಗೆ ಮೇಲಿಂದ ಜಾರಿಸಿ ಕೂರಿಸೋದು. ಆದ್ರೆ ಸ್ಲೈಡರ್ ಬಂತು ಅಂತ ಲಗ್ ಸತ್ತುಹೋಗ್ಲಿಲ್ಲ. ಸ್ಕಾಟಿಷ್ ರೆಜಿಮೆಂಟ್‌ಗಳ ಗ್ಲೆಂಗ್ಯಾರಿ ಟೋಪಿಗೆ ಕೊನೇವರೆಗೂ ಲಗ್ಗೇ ಹೆಚ್ಚು, ಕಾಲರ್ ಬ್ಯಾಡ್ಜ್‌ಗಳಿಗೂ ಲಗ್ಗೇ. ಆಫೀಸರ್‌ಗಳ ಕಂಚಿನ ಬಣ್ಣದ ಬ್ಯಾಡ್ಜಲ್ಲಿ ಮಡಚೋ ನಾಲಿಗೆಗಳು ಜಾಸ್ತಿ. ಹಾಗಾಗಿ ಸ್ಲೈಡರ್ ಇದ್ರೆ 1905ಕ್ಕಿಂತ ಹಿಂದಿಂದಲ್ಲ ಅಂತ ಹೇಳಬಹುದು, ಲಗ್ ಇದ್ರೆ ಹಳೇದು ಅಂತ ಹೇಳೋಕಾಗಲ್ಲ. ನಿಮ್ಮದು ಸ್ಕಾಟಿಷ್, ಲಗ್ ಇರಬೇಕಾದ್ದೇ, ಮತ್ತೆ ಕಿರೀಟ ಇದ್ರೆ ಅದನ್ನೇ ನೋಡಿ. ಮೇಲಿನ ಆನೆ ಬ್ಯಾಡ್ಜಿಗೂ ಇದೇ ಮಾತು.

ಈಗ ಅಸಲಿ ನಕಲಿ. ಹಳೇ ಬ್ಯಾಡ್ಜ್‌ಗಳನ್ನ ತಗಡಿನ ಮೇಲೆ ಅಚ್ಚು ಹೊಡೆದು ಮಾಡ್ತಿದ್ರು, ಅದಕ್ಕೆ ಮುಂದೆ ಉಬ್ಬಿರೋದೆಲ್ಲ ಹಿಂದೆ ತಗ್ಗಾಗಿ ಕಾಣುತ್ತೆ, ಚಿತ್ರ ಉಲ್ಟಾ ಮೂಡಿರುತ್ತೆ. ಎರಕ ಹೊಯ್ದ ನಕಲಲ್ಲಿ ಹಿಂದೆ ಚಪ್ಪಟೆ, ಮೈಯೆಲ್ಲ ಮರಳು ಮರಳು, ಸಣ್ಣ ಗುಳ್ಳೆ ತೂತು, ಅಕ್ಷರದ ಅಂಚು ಮಬ್ಬು. ಸಿಯಾಲ್‌ಕೋಟಲ್ಲಿ ಎಲ್ಲಾ ದೇಶದ ಮಿಲಿಟರಿ ಬ್ಯಾಡ್ಜ್ ಮಾಡಿ ಹೊರಗೆ ಕಳಿಸೋ ದೊಡ್ಡ ಕಸುಬೇ ಇದೆ, ಅಲ್ಲಿಂದ ಬಂದಿದ್ದು ಹಳೇದು ಅಂತ ಹೇಳಿ ಮಾರೋರು ಬೇಕಾದಷ್ಟು. ಇನ್ನೊಂದು ಕಷ್ಟದ್ದಿದೆ, ಹಳೇ ಅಚ್ಚನ್ನೇ ಬಳಸಿ ಆಮೇಲೆ ಹೊಡೆದಿದ್ದು, ರೀಸ್ಟ್ರೈಕ್ ಅಂತಾರೆ. ಅದರಲ್ಲಿ ಮುಂಭಾಗ ಸೊಗಸಾಗೇ ಇರುತ್ತೆ, ಸಿಕ್ಕಿಬೀಳೋದು ಹಿಂದಿನ ಸ್ಲೈಡರಲ್ಲಿ, ತೆಳು, ಬೆಸುಗೆ ತೀರಾ ನೀಟು, ಲೋಹದ ಬಣ್ಣ ಬೇರೆ. ಜೆ.ಆರ್. ಗಾಂಟ್ ಲಂಡನ್ ಅಂತ ಸ್ಲೈಡರ್ ಮೇಲೆ ಹೆಸರು ಒತ್ತಿದ್ರೆ ಅಸಲಿ ಅಂತ ಕೆಲವರು ಕಣ್ಣುಮುಚ್ಚಿ ದುಡ್ಡು ಕೊಡ್ತಾರೆ, ಗಾಂಟ್ ನಿಜಕ್ಕೂ ದೊಡ್ಡ ಕಂಪನಿಯೇ, ಆದ್ರೆ ಆ ಹೆಸರು ಒತ್ತಿರೋ ರೀಸ್ಟ್ರೈಕುಗಳೂ ಮಾರ್ಕೆಟಲ್ಲಿ ಧಾರಾಳ ಇವೆ. ಹೆಸರು ಇದ್ದ ಮಾತ್ರಕ್ಕೆ ನಂಬಬಾರದು.

ಇಲ್ಲಿ ಒಂದು ವಿಷಯ ನಾನು ಒತ್ತಿ ಹೇಳ್ತೀನಿ. ಇಂಡಿಯಾದಲ್ಲೇ ಕಂಟೋನ್ಮೆಂಟ್ ಬಜಾರಿನ ಕಂಚುಗಾರರು ಮರಳಲ್ಲಿ ಎರಕ ಹೊಯ್ದು ರೆಜಿಮೆಂಟ್‌ಗಳಿಗೆ ಬ್ಯಾಡ್ಜ್ ಮಾಡಿಕೊಡ್ತಿದ್ದದ್ದು ಉಂಟು, ಸಿಪಾಯಿ ಅದನ್ನೇ ಹಾಕ್ಕೊಂಡು ಯುದ್ಧಕ್ಕೆ ಹೋಗಿದ್ದಾನೆ. ಇಂಗ್ಲೆಂಡಿನ ಸಂಗ್ರಾಹಕರು ಎರಕ ಅಂದ ತಕ್ಷಣ ನಕಲಿ ಅಂತ ತಳ್ಳಿಬಿಡ್ತಾರೆ. ನಮ್ಮ ಕಡೆ ಮನೆಗಳಲ್ಲಿ ಸಿಗೋದನ್ನ ಆ ಅಳತೇಲಿ ಅಳೆಯೋದು ಅನ್ಯಾಯ. ಎರಕದ್ದಾದ್ರೂ ಉಬ್ಬಿದ ಭಾಗ ಎಲ್ಲ ಪಾಲಿಶ್ ಹಾಕಿ ಹಾಕಿ ಸವೆದು, ಸಂದಿಯಲ್ಲಿ ಹಳೇ ಪಾಲಿಶ್ ಗಟ್ಟಿಯಾಗಿ ಕೂತಿದ್ರೆ ಅದು ಹಾಕ್ಕೊಂಡು ತಿರುಗಿದ ಬ್ಯಾಡ್ಜೇ.

ಸುಬೇದಾರ್_ವಿರಾಜಪೇಟೆ:

ಮಗಳೇ, ನಾನು ಆರ್ಮಿ ಸರ್ವಿಸ್ ಕೋರಲ್ಲೇ ಇದ್ದು ರಿಟೈರ್ ಆದವನು. ಎಲ್ಲರೂ ಕಿರೀಟ, ಆನೆ ಅಂತ ಹೇಳ್ತಿದ್ದಾರೆ, ಅದೆಲ್ಲ ಸರಿಯೇ, ಆದ್ರೆ ನಿನ್ನ ಅಜ್ಜನ ಗುರುತು ಇರೋದು ಐದನೇದರಲ್ಲಿ, ಆ ಬರೀ ಅಕ್ಷರದ್ದು. ಆರ್ ಐ ಎ ಎಸ್ ಸಿ ಅಂದ್ರೆ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್. ಅದು ಟೋಪಿಗಲ್ಲ, ಭುಜದ ಪಟ್ಟಿಗೆ ಹಾಕೋದು, ಎರಡು ಭುಜಕ್ಕೆ ಎರಡು, ಇನ್ನೊಂದು ಎಲ್ಲೋ ಕಳೆದಿರಬೇಕು. ರಾಯಲ್ ಅನ್ನೋದು ಸೇರಿದ್ದು 1935ರಲ್ಲಿ, 1950ರಲ್ಲಿ ಗಣರಾಜ್ಯ ಆದಾಗ ಹೋಯ್ತು, ನಾನು ಸೇರೋ ಹೊತ್ತಿಗೆ ಬರೀ ಎ ಎಸ್ ಸಿ. ರೇಶನ್, ಪೆಟ್ರೋಲ್, ಲಾರಿ, ಹೇಸರಗತ್ತೆ, ಇದೆಲ್ಲ ನಮ್ಮ ಕೋರಿನ ಕೆಲಸ. ಬರ್ಮಾ ಯುದ್ಧದಲ್ಲಿ ದಿಮಾಪುರದಿಂದ ಕೊಹಿಮಾ, ಇಂಫಾಲ್ ರಸ್ತೇಲಿ ಮಳೇಲಿ ಮಣ್ಣು ಕುಸಿತಾ ಇದ್ರೂ ಲಾರಿ ಓಡಿಸಿದವರು ಅವರು. ಅವರ ಹೆಸರು ಪುಸ್ತಕದಲ್ಲಿ ಕಮ್ಮಿ ಬರುತ್ತೆ, ಅದು ನನಗೆ ಯಾವಾಗ್ಲೂ ಬೇಸರವೇ.

ಹಾಗಾದ್ರೆ ಉಳಿದ ಬ್ರಿಟಿಷ್ ಬ್ಯಾಡ್ಜ್ ಹೇಗೆ ಬಂತು? ಒಬ್ಬನೇ ಮನುಷ್ಯ ಆರ್ಟಿಲರಿ, ಇಂಜಿನಿಯರ್ಸ್, ಸ್ಕಾಟಿಷ್ ಪಲ್ಟನ್ ಎಲ್ಲದರಲ್ಲೂ ಇರೋಕೆ ಸಾಧ್ಯ ಇಲ್ಲ. ಸಿಪಾಯಿಗಳು ಬೇರೆ ಪಲ್ಟನ್ನವರ ಜೊತೆ ಬ್ಯಾಡ್ಜ್ ಅದಲುಬದಲು ಮಾಡ್ಕೊಳ್ಳೋದು ಎರಡೂ ಮಹಾಯುದ್ಧದಲ್ಲಿ ಇತ್ತು, ಎಷ್ಟೋ ಜನ ಚರ್ಮದ ಬೆಲ್ಟಿಗೆ ಸಾಲಾಗಿ ಚುಚ್ಚಿ ಇಟ್ಕೊಳ್ತಿದ್ರು, ನೆನಪಿಗೆ. ಟ್ರಂಕಲ್ಲಿ ಹಳೇ ಬೆಲ್ಟ್ ಉಂಟಾ ನೋಡು, ಬಕಲ್ ಹತ್ರ ಅಲ್ಲದೆ ಮೈಯೆಲ್ಲ ತೂತು ಅಥವಾ ಸೀಳು ಇದ್ರೆ ಅದೇ. ಕೊಹಿಮಾದಲ್ಲಿ 1944ರಲ್ಲಿ ಬ್ರಿಟಿಷ್ 2ನೇ ಡಿವಿಷನ್ ಇತ್ತು, ಅವರ ಜೊತೆ ಅವರದ್ದೇ ಸರ್ವಿಸ್ ಕಾರ್ಪ್ಸ್ ಇತ್ತು, ಆ ಪ್ಲಾಸ್ಟಿಕ್ ಬ್ಯಾಡ್ಜ್ ಅಂಥಾ ಒಬ್ಬ ಲಾರಿ ಡ್ರೈವರ್ ಕೊಟ್ಟಿದ್ದಿರಬಹುದು ಅಂತ ನನ್ನ ಊಹೆ. ಆನೆದು ನನಗೆ ಬೇರೆ ಥರ ಕಾಣ್ತದೆ. ಹೈಲ್ಯಾಂಡ್ ಲೈಟ್ ಇನ್‌ಫಂಟ್ರಿಯ 2ನೇ ಬೆಟಾಲಿಯನ್ 1941ರಲ್ಲಿ ಎರಿಟ್ರಿಯಾದ ಕೆರೆನ್ ಯುದ್ಧದಲ್ಲಿ ನಮ್ಮ ಇಂಡಿಯನ್ ಡಿವಿಷನ್ ಜೊತೆಗೆ ಇತ್ತು. ನಿನ್ನ ಅಜ್ಜ ಬರ್ಮಾಕ್ಕೆ ಮೊದಲು ಆಫ್ರಿಕಾಕ್ಕೂ ಹೋಗಿದ್ರಾ ಅಂತ ವಿಚಾರಿಸು. ಮೆಡಲ್ ಇದ್ರೆ ಅದೇ ಹೇಳ್ತದೆ, ಬರ್ಮಾ ಸ್ಟಾರ್ ಬೇರೆ, ಆಫ್ರಿಕಾ ಸ್ಟಾರ್ ಬೇರೆ, ರಿಬ್ಬನ್ ಬಣ್ಣದಲ್ಲೇ ಗೊತ್ತಾಗ್ತದೆ.

ಬ್ಯಾಡ್ಜ್ ಎಷ್ಟು ಓದಿದ್ರೂ ಅದು ಪಲ್ಟನ್ ಹೇಳ್ತದೆ, ಕಾಲ ಹೇಳ್ತದೆ, ಮನುಷ್ಯನ್ನ ಹೇಳೋದಿಲ್ಲ. ಅದಕ್ಕೆ ಕಾಗದ ಬೇಕು. ಡಿಸ್ಚಾರ್ಜ್ ಬುಕ್, ಪೇ ಬುಕ್, ಪೆನ್ಷನ್ ಕಾಗದ, ಏನಾದ್ರೂ ಒಂದು ಹುಡುಕು, ಅದರಲ್ಲಿ ನಂಬರ್ ಇರ್ತದೆ.

ಸೋಮವಾರಪೇಟೆ_ಇತಿಹಾಸ:

ಕೊಡಗನ್ನ ಇಂಗ್ಲಿಷರು ಹಿಡಿದಾಗಿಂದು, ಅಂದ್ರೆ 1834ರದ್ದು, ಅನ್ನೋ ದೊಡ್ಡಪ್ಪನವರ ಮಾತಿಗೆ ಉತ್ತರ ಕೊಡ್ಬೇಕು ಅನಿಸ್ತು, ಯಾಕಂದ್ರೆ ಆ ಯುದ್ಧ ನಮ್ಮೂರ ಪಕ್ಕದಲ್ಲೇ ಆಗಿದ್ದು, ಅದರ ಬ್ಯಾಡ್ಜ್ ಅಂತ ಹೇಳಿ ಮಾರೋರನ್ನೂ ನೋಡಿದ್ದೀನಿ.

ಚಿಕ್ಕವೀರರಾಜೇಂದ್ರನ ಮೇಲೆ ಕಂಪನಿ ಸೈನ್ಯ 1834ರ ಏಪ್ರಿಲಲ್ಲಿ ಬೇರೆಬೇರೆ ದಿಕ್ಕಿಂದ ನುಗ್ಗಿತು. ಸೋಮವಾರಪೇಟೆ ಕಡೆ ಬಂದ ತುಕಡಿಯಲ್ಲಿ ಇಂಗ್ಲೆಂಡಿನ 55ನೇ ಫುಟ್ ರೆಜಿಮೆಂಟ್ ಇತ್ತು, ಕೊಡವರು ಮರದ ಬೇಲಿ ಕಟ್ಟಿ ಕಾದುಕೂತಿದ್ದ ಕಡೆ ಅವರಿಗೆ ಭಾರೀ ಪೆಟ್ಟು ಬಿತ್ತು, ಅವರ ಕಮಾಂಡರ್ ಲೆಫ್ಟಿನೆಂಟ್ ಕರ್ನಲ್ ಮಿಲ್ ಅಲ್ಲೇ ಸತ್ತ. ಆಗ ಇಂಗ್ಲೆಂಡಿನ ಗದ್ದುಗೆ ಮೇಲೆ ವಿಕ್ಟೋರಿಯಾ ಇರಲೇ ಇಲ್ಲ, ಇದ್ದಿದ್ದು ನಾಲ್ಕನೇ ವಿಲಿಯಂ, ಆಕೆ ರಾಣಿ ಆಗಿದ್ದು 1837ರಲ್ಲಿ. ಮತ್ತೆ ಆ ಕಾಲದ ಸಿಪಾಯಿ ಹಾಕ್ತಿದ್ದದ್ದು ಶಾಕೊ ಅಂತ ಎತ್ತರದ ಟೋಪಿ, ಅದರ ಮುಂದೆ ದೊಡ್ಡ ಹಿತ್ತಾಳೆ ಫಲಕ. ಈಗ ನಾವು ನೋಡ್ತಿರೋ ಸಣ್ಣ ಬ್ಯಾಡ್ಜಿನ ಕಲ್ಪನೆಯೇ ಇರಲಿಲ್ಲ. 1881ರ ತನಕ ರೆಜಿಮೆಂಟಿಗೆ ನಂಬರ್ ಮುಖ್ಯ, ಆ ವರ್ಷ ನಂಬರ್ ತೆಗೆದು ಊರು ಜಿಲ್ಲೆ ಹೆಸರು ಕೊಟ್ರು, 55 ಹೋಗಿ 34ರ ಜೊತೆ ಸೇರಿ ಬಾರ್ಡರ್ ರೆಜಿಮೆಂಟ್ ಆಯ್ತು. ಅದರ ಬ್ಯಾಡ್ಜ್ ಮಧ್ಯದಲ್ಲಿ ಡ್ರ್ಯಾಗನ್ನೂ ಚೈನಾ ಅಂತ ಹೆಸರೂ ಇದೆ, ಅದು 55 ಇಲ್ಲಿಂದ ಹೋದ ಮೇಲೆ ಚೀನಾದ ಮೊದಲ ಅಫೀಮು ಯುದ್ಧದಲ್ಲಿ ಗಳಿಸಿದ್ದು. ನಮ್ಮ ಸೋಮವಾರಪೇಟೆ ಆ ಬ್ಯಾಡ್ಜಲ್ಲಿ ಎಲ್ಲೂ ಇಲ್ಲ.

ಹಾಗಾಗಿ 1834ರ ಗುರುತು ಬೇಕು ಅಂದ್ರೆ ಬ್ಯಾಡ್ಜ್ ಹುಡುಕಬಾರದು, ಕೋಟಿನ ಬಟನ್ ಹುಡುಕಬೇಕು. ಆಗಿನ ಸಾಮಾನ್ಯ ಸಿಪಾಯಿ ಕೋಟಿನ ಗುಂಡಿ ತವರದ್ದು, ಬೂದು ಬಣ್ಣ, ಮೇಲೆ ರೆಜಿಮೆಂಟ್ ನಂಬರ್. 1855ರಲ್ಲಿ ಹಿತ್ತಾಳೆ ಗುಂಡಿ ಬಂತು, 1871ರಲ್ಲಿ ನಂಬರೇ ಹೋಗಿ ಎಲ್ಲರಿಗೂ ಒಂದೇ ರಾಜಲಾಂಛನ. ತೋಟದಲ್ಲಿ ಗುಂಡಿ ತೋಡುವಾಗ 55 ಅಂತ ಇರೋ ಬೂದು ಬಟನ್ ಯಾರಿಗಾದ್ರೂ ಸಿಕ್ರೆ ದಯವಿಟ್ಟು ತೊಳೀದೆ, ಸಿಕ್ಕ ಜಾಗ ಗುರುತು ಹಾಕಿ ನಮಗೆ ಹೇಳಿ. ಸಿಕ್ಕ ಜಾಗ ಗೊತ್ತಿಲ್ಲ ಅಂದ್ರೆ ಅದರ ಅರ್ಧ ಚರಿತ್ರೆ ಹೋದ ಹಾಗೆ.

ಕೊಡಗಿನದ್ದೇ ಹೆಸರಿರೋ ಬ್ಯಾಡ್ಜ್ ಹುಡುಕೋರಿಗೆ ಒಂದು ಮಾತು. 1902ರಲ್ಲಿ 11ನೇ ಮದ್ರಾಸ್ ಇನ್‌ಫಂಟ್ರಿಯನ್ನ ಕೂರ್ಗ್ ಪಲ್ಟನ್ ಮಾಡೋಕೆ ಹೊರಟ್ರು, ಮಾರನೇ ವರ್ಷ 71ನೇ ಕೂರ್ಗ್ ರೈಫಲ್ಸ್ ಅಂತ ಹೆಸರಾಯ್ತು, 1904ಕ್ಕೆ ಮುಚ್ಚಿಹೋಯ್ತು. ಅಷ್ಟು ಕಮ್ಮಿ ಕಾಲ ಇದ್ದಿದ್ದಕ್ಕೇ ಅದರ ಹೆಸರಲ್ಲಿ ಯಾರಾದ್ರೂ ಬ್ಯಾಡ್ಜ್ ತೋರಿಸಿದ್ರೆ ತುಂಬಾ ಎಚ್ಚರ ಬೇಕು. ಪ್ಲಾಂಟರ್‌ಗಳ ಕೂರ್ಗ್ ಅಂಡ್ ಮೈಸೂರು ರೈಫಲ್ಸ್ ಬೇರೆ, ಅದು ವಾಲಂಟಿಯರ್ ಪಡೆ. ಎರಡನೇ ಮಹಾಯುದ್ಧದ ಕೂರ್ಗ್ ಬೆಟಾಲಿಯನ್ ಇನ್ನೂ ಬೇರೆ, ಅದು ಆಮೇಲೆ ಟ್ಯಾಂಕ್ ಹೊಡೆಯೋ ಆರ್ಟಿಲರಿ ರೆಜಿಮೆಂಟ್ ಆಯ್ತು. ಮೂರನ್ನೂ ಕಲಸಿ ಒಂದೇ ಅಂತ ಹೇಳೋದು ಜಾಸ್ತಿ ಆಗಿದೆ.

ಕಕ್ಕಬ್ಬೆ_ಮಳೆ:

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹಗಲು ಬೆಳಕಲ್ಲಿ ಮತ್ತೆ ಎಲ್ಲ ನೋಡಿದೆ.

ಫಿರಂಗಿ, ಇಂಜಿನಿಯರ್ಸ್, ಆನೆ, ಪ್ಲಾಸ್ಟಿಕ್, ನಾಲ್ಕರಲ್ಲೂ ಕಿರೀಟ ದುಂಡು. ಫಿರಂಗಿ ಮತ್ತೆ ಇಂಜಿನಿಯರ್ಸ್‌ಗೆ ಹಿಂದೆ ಸ್ಲೈಡರ್ ಇದೆ, ಚಿತ್ರ ಹಿಂದೆ ತಗ್ಗಾಗಿ ಉಲ್ಟಾ ಕಾಣ್ತಿದೆ. ಆನೆದಕ್ಕೆ ಎರಡು ಲಗ್. ಪ್ಲಾಸ್ಟಿಕ್ಕಿಗೆ ಎರಡು ಹಿತ್ತಾಳೆ ನಾಲಿಗೆ, ಒಂದು ಮುರಿದಿದೆ, ಸ್ಟಾನ್ಲಿ ಅನ್ನೋ ಹೆಸರು ಭೂತಗನ್ನಡಿ ಹಿಡಿದ್ರೆ ಓದೋಕಾಗುತ್ತೆ. ಆರನೇದರ ಕಿರೀಟ ಮಾತ್ರ ಮಧ್ಯದಲ್ಲಿ ತಗ್ಗು.

ಸುಬೇದಾರ್ ಮಾವ, ಬೆಲ್ಟ್ ಸಿಕ್ತು. ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರ್ ಅಡಿಯಲ್ಲಿತ್ತು, ಚರ್ಮ ಮರದ ಥರ ಗಟ್ಟಿಯಾಗಿದೆ, ಉದ್ದಕ್ಕೂ ಜೋಡಿ ಜೋಡಿ ತೂತು, ಎರಡು ಕಡೆ ಸೀಳು. ಆನೆ ಬ್ಯಾಡ್ಜಿನ ಎರಡು ಲಗ್ ಒಂದು ಜೋಡಿ ತೂತಿಗೆ ಸರಿಯಾಗಿ ಕೂರುತ್ತೆ. ದೊಡ್ಡಪ್ಪಂಗೆ ತೋರಿಸಿದೆ, ಸುಮಾರು ಹೊತ್ತು ಕೈಯಲ್ಲೇ ಹಿಡ್ಕೊಂಡಿದ್ರು. ಮೆಡಲ್ ಸಿಕ್ಕಿಲ್ಲ, ಅಜ್ಜಿ ತೀರಿಕೊಂಡಾಗ ಅತ್ತೆ ಮನೆಗೆ ಹೋಗಿರಬಹುದು ಅಂತಾರೆ, ಕೇಳ್ತೀನಿ. ಹಳೇ ಪೆನ್ಷನ್ ಕಾಗದ ಒಂದಿದೆ, ನಂಬರ್ ಓದೋಕೆ ಬರುತ್ತೆ.

ಆರನೇದು ಏನು? ಇಂಜಿನಿಯರ್ಸ್ ಬ್ಯಾಡ್ಜ್ 1936ಕ್ಕೆ ಮುಂಚಿಂದು ಅಂದ್ರೆ ಅಜ್ಜನ ಕೈಗೆ ಯುದ್ಧದಲ್ಲಿ ಹೇಗೆ ಬಂತು?

ಹಳೇಹಿತ್ತಾಳೆ_ಮಡಿಕೇರಿ:

ಬೆಲ್ಟ್ ಸಿಕ್ಕಿದ್ದು ಓದಿ ತುಂಬಾ ಖುಷಿ ಆಯ್ತು. ಬ್ಯಾಡ್ಜ್‌ಗಳನ್ನೂ ಬೆಲ್ಟನ್ನೂ ಯಾವತ್ತೂ ಬೇರೆಬೇರೆ ಕೈಗೆ ಕೊಡಬೇಡಿ, ಬಿಡಿಬಿಡಿಯಾಗಿ ನೋಡಿದ್ರೆ ಫಿರಂಗಿಯಂಥದ್ದು ಲಕ್ಷಗಟ್ಟಲೆ ಮಾಡಿದ್ದಾರೆ, ಆದ್ರೆ ಈ ಬೆಲ್ಟ್ ಇದೊಂದೇ.

ಇಂಜಿನಿಯರ್ಸ್ ವಿಷಯ ಸರಳ. ರಾಜ ಬದಲಾದ ತಕ್ಷಣ ಇಡೀ ಸೈನ್ಯ ಬ್ಯಾಡ್ಜ್ ಬದಲಾಯಿಸ್ತಿರಲಿಲ್ಲ. ಸ್ಟೋರಲ್ಲಿರೋ ಹಳೇದು ಮುಗಿಯೋ ತನಕ ಕೊಡ್ತಿದ್ರು, ಹಳೇ ಸಿಪಾಯಿಗಳು ತಮ್ಮ ಹಳೇದನ್ನೇ ಹಾಕ್ಕೊಂಡಿರ್ತಿದ್ರು. ಅಕ್ಷರ ಹೇಳೋದು ಬ್ಯಾಡ್ಜ್ ತಯಾರಾದ ಕಾಲ, ಯಾವಾಗ ಹಾಕ್ಕೊಂಡಿದ್ದು ಅನ್ನೋದು ಬೇರೆ ಪ್ರಶ್ನೆ. ಇದೇ ಕಾರಣಕ್ಕೆ 1953 ಅನ್ನೋ ಗೆರೆಯನ್ನೂ ಒಂದೆರಡು ವರ್ಷ ಆಚೀಚೆ ಇಟ್ಕೊಂಡೇ ನೋಡ್ಬೇಕು.

ಆರನೇದು ರಾಯಲ್ ಸಿಗ್ನಲ್ಸ್, ಆ ಮನುಷ್ಯ ರೋಮನ್ನರ ದೂತ ಮರ್ಕ್ಯುರಿ. ತಗ್ಗು ಕಿರೀಟ, ಹಗುರ, ಹೊಳಪು, ಇದು ಅನೋಡೈಸ್ ಮಾಡಿದ ಅಲ್ಯೂಮಿನಿಯಂ, ಪಾಲಿಶ್ ಮಾಡೋ ಕೆಲಸ ಇಲ್ಲ ಅಂತ 1950ರ ದಶಕದಿಂದ ಬ್ರಿಟಿಷರು ತಂದಿದ್ದು. ಇದು ನಿಮ್ಮ ಅಜ್ಜನ ಸರ್ವಿಸಿಂದಲ್ಲ ಅಂತ ಖಂಡಿತ ಹೇಳಬಹುದು. ನಮ್ಮ ಸೈನ್ಯ 1950ರಲ್ಲಿ ಕಿರೀಟ ತೆಗೆದು ಅಶೋಕ ಸಿಂಹ ಹಾಕ್ತು, ಎಲಿಜಬೆತ್ ಕಿರೀಟ ಬಂದಿದ್ದು ಅದಾದ ಮೇಲೆ. ಕೊಡಗಿನ ಯಾವ ಟ್ರಂಕಲ್ಲೇ ಆಗ್ಲಿ ತಗ್ಗು ಕಿರೀಟ ಕಂಡ್ರೆ ಅದು ಯಾರೋ ಆಮೇಲೆ ಇಂಗ್ಲೆಂಡಿಂದ ತಂದಿದ್ದು ಅಥವಾ ಕೊಂಡಿದ್ದು. ಬೆಲ್ಟಿನ ತೂತಿಗೂ ಅದು ಕೂರಲ್ಲ ಅನಿಸುತ್ತೆ, ನೋಡಿ. ಅದನ್ನ ಬೇರೆ ಕವರಲ್ಲಿ ಹಾಕಿ.

ಇನ್ನು ಉಜ್ಜೋ ವಿಷಯ. ಹುಣಸೆಹಣ್ಣು, ನಿಂಬೆ, ಕಾಚಂಪುಳಿ ಎಲ್ಲ ಹುಳಿ, ಹಿತ್ತಾಳೆಯ ಮೇಲ್ಮೈಯನ್ನೇ ತಿಂದುಬಿಡುತ್ತೆ, ಗುಲಾಬಿ ಬಣ್ಣ ಬರುತ್ತೆ, ಆಮೇಲೆ ಏನು ಮಾಡಿದ್ರೂ ಹಳೇ ಬಣ್ಣ ವಾಪಸ್ ಬರಲ್ಲ. ಹಸಿರು ಕಿಲುಬು ಇದ್ರೆ ಬಿದಿರಿನ ಕಡ್ಡಿ ಚೂಪು ಮಾಡಿ ಮೆಲ್ಲಗೆ ಕೆರೆದು ತೆಗೀರಿ, ಧೂಳಿಗೆ ಮೆತ್ತನೆ ಬ್ರಷ್, ಅಷ್ಟೇ ಸಾಕು. ಪ್ಲಾಸ್ಟಿಕ್ಕಿಗೆ ಒಣ ಬಟ್ಟೆ ಬಿಟ್ಟು ಏನೂ ಬೇಡ. ಕೊಡಗಿನ ಮಳೆಗಾಲದಲ್ಲಿ ಲೋಹಕ್ಕೆ ಶತ್ರು ತೇವ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಜೂನ್ ಬರೋಕೆ ಮುಂಚೆ ಪೊಟ್ಟಣ ಬದಲಾಯಿಸಿ. ಚರ್ಮದ ಬೆಲ್ಟ್ ಮಾತ್ರ ಆ ಡಬ್ಬಿಗೆ ಹಾಕಬೇಡಿ, ಚರ್ಮದ ಹುಳಿಯಿಂದಲೇ ಹಿತ್ತಾಳೆಗೆ ಕಿಲುಬು ಹಿಡಿಯುತ್ತೆ, ಹತ್ತಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಯಾವ ತೂತಲ್ಲಿ ಯಾವುದಿತ್ತು ಅಂತ ಫೋಟೋ ತೆಗೆದು ಬರೆದಿಡಿ.

ಹೊರದೇಶಕ್ಕೆ ಕಳಿಸೋ ಮೊದಲು ತಮ್ಮಂಗೆ ಇದೂ ಹೇಳಿ, 1972ರ ಪುರಾತನ ವಸ್ತು ಕಾಯ್ದೆ ಪ್ರಕಾರ ಚಾರಿತ್ರಿಕ ಮಹತ್ವದ ನೂರು ವರ್ಷ ದಾಟಿದ ವಸ್ತುವನ್ನ ಖಾಸಗಿಯವರು ದೇಶದ ಹೊರಗೆ ಕಳಿಸೋಹಾಗಿಲ್ಲ. ಐದನೇ ಜಾರ್ಜ್ ಬ್ಯಾಡ್ಜ್ ಆ ವಯಸ್ಸಿಗೆ ಬಂದಿರೋ ಸಾಧ್ಯತೆ ಚೆನ್ನಾಗಿದೆ. ಪೋಸ್ಟಲ್ಲಿ ಸುಮ್ಮನೆ ಹಾಕಿ ಕಳಿಸಿ ತೊಂದರೆಗೆ ಸಿಕ್ಕೋದು ಬೇಡ.

ಸುಬೇದಾರ್_ವಿರಾಜಪೇಟೆ:

ನಂಬರ್ ಸಿಕ್ತಲ್ಲ, ಅದು ದೊಡ್ಡದು. ಎ ಎಸ್ ಸಿ ರೆಕಾರ್ಡ್ಸ್ ಸೌತ್ ಬೆಂಗಳೂರಲ್ಲೇ ಉಂಟು, ಅಲ್ಲಿಗೆ ಒಂದು ಕಾಗದ ಬರೆಯೋದು. ಅಜ್ಜನ ಪೂರ್ತಿ ಹೆಸರು ಮನೆತನದ ಹೆಸರಿನ ಜೊತೆ, ನಂಬರ್, ಊರು, ಸೇರಿದ ಅಂದಾಜು ವರ್ಷ, ನೀನು ಏನಾಗಬೇಕು ಅನ್ನೋದಕ್ಕೆ ದಾಖಲೆ, ಪೆನ್ಷನ್ ಕಾಗದದ ಜೆರಾಕ್ಸ್, ಇಷ್ಟು ಇಡು. ಹಳೇ ಕಾಗದದಲ್ಲಿ ನಮ್ಮ ಮನೆತನದ ಹೆಸರುಗಳ ಸ್ಪೆಲ್ಲಿಂಗ್ ಏನೇನೋ ಆಗಿರ್ತದೆ, ಪೆನ್ಷನ್ ಕಾಗದದಲ್ಲಿ ಹೇಗೆ ಉಂಟೋ ಹಾಗೇ ಬರಿ, ಸರಿ ಮಾಡಲಿಕ್ಕೆ ಹೋಗಬೇಡ. ಮಡಿಕೇರಿಯ ಸೈನಿಕ ಕಲ್ಯಾಣ ಇಲಾಖೆ ಆಫೀಸಿಗೂ ಹೋಗು, ಅರ್ಜಿ ಬರೆಯೋಕೆ ಅವರು ಹೇಳಿಕೊಡ್ತಾರೆ.

ಸರ್ವಿಸ್ ದಾಖಲೆ ಬಂದ್ರೆ ಯಾವ ಕಂಪನಿ, ಯಾವ ಡಿವಿಷನ್ ಜೊತೆ ಅಂತ ಇರ್ತದೆ. ಆಗ ಬೆಲ್ಟಿನ ಒಂದೊಂದು ಬ್ಯಾಡ್ಜ್ ಎಲ್ಲಿ ಸಿಕ್ಕಿರಬಹುದು ಅಂತ ಕೂತು ಹೊಂದಿಸೋಣ. ವಿರಾಜಪೇಟೆಗೆ ಬಂದಾಗ ಬೆಲ್ಟ್ ತಗೊಂಡು ಬಾ, ನನಗೂ ನೋಡಬೇಕು.

ಅಮ್ಮತ್ತಿ_ತೋಟ:

ನನ್ನದು ನೋಡಿದೆ. ಹುಲಿ ಇದೆ, ಇಂಡಿಯಾ ಅಂತ ಬರೆದಿದೆ, ಕಿರೀಟ ಇಲ್ಲವೇ ಇಲ್ಲ, ಸಣ್ಣದು, ಬೆರಳ ತುದಿಯಷ್ಟು. ಗಾರ್ಡನ್ ಹೈಲ್ಯಾಂಡರ್ಸ್ ಅಂತ ದೊರೆ ಮನೆಯವರು ಹೇಳ್ತಿದ್ರಂತೆ.

ಹಳೇಹಿತ್ತಾಳೆ_ಮಡಿಕೇರಿ:

ಅದು ಟೋಪಿದಲ್ಲ ಅಣ್ಣ, ಕಾಲರ್ ಬ್ಯಾಡ್ಜ್. ಗಾರ್ಡನ್ ಹೈಲ್ಯಾಂಡರ್ಸ್‌ಗೆ ಹುಲಿ ಬಂದಿದ್ದು ಹಳೇ 75ನೇ ರೆಜಿಮೆಂಟಿಂದ, ಅವರೂ 1799ರಲ್ಲಿ ಶ್ರೀರಂಗಪಟ್ಟಣದಲ್ಲಿದ್ರು. ಹುಲಿ ಯಾವ ಕಡೆ ಮುಖ ಮಾಡಿದೆ ನೋಡಿ, ಕಾಲರಿಗೆ ಎಡಕ್ಕೊಂದು ಬಲಕ್ಕೊಂದು ಜೋಡಿ ಇರುತ್ತೆ. ಇನ್ನೊಂದು ಮನೇಲೇ ಎಲ್ಲಾದ್ರೂ ಇರಬಹುದು, ಹಳೇ ಬಟನ್ ಡಬ್ಬಿಗಳನ್ನ ಹುಡುಕಿ. ಹಿಂಭಾಗದ ಫೋಟೋ ಹಾಕಿ.